ನಸ್‌ಬಂದಿ: ಹೆದರಿಕೆ ಎಷ್ಟು, ನಿಜ ಎಷ್ಟು?

2022ರ ಆಗಸ್ಟ್ 25ರಂದು ಹೈದರಾಬಾದಿನ ಪಕ್ಕದ ರಂಗಾರೆಡ್ಡಿ ಜಿಲ್ಲೆಯ ಇಬ್ರಾಹಿಂಪಟ್ನಂನಲ್ಲಿ, ಸರಕಾರಿ ಆಸ್ಪತ್ರೆಯ ಶಿಬಿರವೊಂದರಲ್ಲಿ 34 ಮಂದಿ ಹೆಂಗಸರಿಗೆ ಸಂತಾನಹರಣದ ಆಪರೇಶನ್ ಮಾಡಲಾಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ ನಾಲ್ವರು ತೀರಿಕೊಂಡರು. ಉಳಿದವರಲ್ಲಿ ಹಲವರನ್ನು ಹೈದರಾಬಾದಿನ ನಿಮ್ಸ್ ಮತ್ತು ಅಪೋಲೊ ಆಸ್ಪತ್ರೆಗಳಿಗೆ ಸಾಗಿಸಿ ಚಿಕಿತ್ಸೆ ಕೊಡಬೇಕಾಯಿತು.

ಸುದ್ದಿ ಬಂದಾಗ ಎಲ್ಲರೂ ಕೇಳಿದ್ದು, ತಪ್ಪು ಯಾರದು ಅಂತ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಮಕ್ಕಳು ಸಾಕು ಅಂತ ತೀರ್ಮಾನಿಸೋದು ಗಂಡ ಹೆಂಡತಿ ಇಬ್ಬರೂ. ಹಾಗಿದ್ದ ಮೇಲೆ ಆಪರೇಶನ್ ಟೇಬಲ್ ಮೇಲೆ ಯಾವಾಗಲೂ ಹೆಂಡತಿಯೇ ಯಾಕೆ ಮಲಗಬೇಕು? ನೊಂದ ಆ ಕುಟುಂಬಗಳನ್ನು ದೂರಲು ಈ ಮಾತು ಹೇಳುತ್ತಿಲ್ಲ. ನನ್ನ ಮನೆ, ನಿಮ್ಮ ಮನೆ ಎಲ್ಲ ಕಡೆಯೂ ಇದೇ ಕತೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ ವಿವಾಹಿತ ದಂಪತಿಗಳಲ್ಲಿ ಶೇ. 37.9ರಷ್ಟು ಕಡೆ ಹೆಂಡತಿಗೆ ಆಪರೇಶನ್ ಆಗಿದೆ. ಗಂಡನಿಗೆ ಆಗಿರುವುದು ಶೇ. 0.3ರಷ್ಟು ಕಡೆ ಮಾತ್ರ. ತೆಲಂಗಾಣ, ಆಂಧ್ರ, ಕರ್ನಾಟಕ ಮೂರರಲ್ಲೂ ಅರ್ಧಕ್ಕಿಂತ ಹೆಚ್ಚು ವಿವಾಹಿತ ಹೆಂಗಸರು ಈ ಆಪರೇಶನ್ ಮಾಡಿಸಿಕೊಂಡವರು. ವಿಚಿತ್ರ ಏನೆಂದರೆ, ಎರಡರಲ್ಲಿ ಸಣ್ಣದು, ಸುಲಭದ್ದು, ಅಪಾಯ ಕಡಿಮೆ ಇರುವುದು ಗಂಡಸರ ಆಪರೇಶನ್. ಹೆಂಗಸಿಗಾದರೆ ಹೊಟ್ಟೆಯೊಳಗೆ ಕೈ ಹಾಕಬೇಕು. ಗಂಡಸಿಗೆ ಚರ್ಮದ ಕೆಳಗೇ ಸಿಗುವ ಎರಡು ಸಣ್ಣ ನಾಳಗಳ ಕೆಲಸ. ಅರ್ಧ ಗಂಟೆಯೂ ಬೇಡ.

ಈ ಬರಹದ ಉದ್ದೇಶ ಯಾರನ್ನೂ ಆಪರೇಶನ್‌ಗೆ ಒಪ್ಪಿಸುವುದಲ್ಲ. ಮಾಡಿಸ್ಕೊಳ್ಳೋದು ಬಿಡೋದು ನಿಮ್ಮ ನಿಮ್ಮ ತೀರ್ಮಾನ. ಆದರೆ ಬೇಡ ಅನ್ನುವವರೂ ವಿಷಯ ತಿಳಿದು ಬೇಡ ಅನ್ನಲಿ. ಅಷ್ಟೇ ಆಸೆ.

ಹೆಸರಿನಲ್ಲೇ ಇರುವ ಹೆದರಿಕೆ

ವೈದ್ಯರು ವ್ಯಾಸೆಕ್ಟಮಿ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ, ಅದರಲ್ಲೂ ದಖನಿ ಮಾತಾಡುವ ಬೀದರ್, ಕಲಬುರಗಿ, ಹೈದರಾಬಾದ್ ಕಡೆ, ಅದಕ್ಕೆ ಹೆಸರು ನಸ್‌ಬಂದಿ. ಈ ಪದ ಕೇಳಿದ ಕೂಡಲೇ ಹಿರಿಯರ ಮುಖ ಬಿಗಿಯುತ್ತದೆ. ಸುಮ್ಮನೆ ಅಲ್ಲ, ಅದಕ್ಕೆ ಕಾರಣ ಇದೆ.

ಸಂತಾನ ನಿಯಂತ್ರಣ ನಮ್ಮ ಕಡೆಗೆ ಹೊಸದೇನಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರಿನ ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕಾಗಿ ಕ್ಲಿನಿಕ್ ತೆರೆದಿತ್ತು. 1952ರಲ್ಲಿ ಭಾರತ ಸರಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಯೋಜನೆ ಹೋಗಿ ದಬ್ಬಾಳಿಕೆ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಶನ್‌ಗಳು ನಡೆದವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರದ್ದು. ಗುರಿ ಮುಟ್ಟಿಸದ ನೌಕರರ ಸಂಬಳ ತಡೆಹಿಡಿದರು, ಬಡವರನ್ನು ಹಿಡಿದು ತಂದರು. 1976ರ ನವೆಂಬರ್‌ನಲ್ಲಿ ಹರಿಯಾಣದ ಮೇವಾತ್ ಪ್ರದೇಶದ ಉತ್ತಾವರ್ ಎಂಬ ಮುಸ್ಲಿಂ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹೊತ್ತೊಯ್ದರು. ನಂತರ ಬಂದ ಶಾ ಆಯೋಗದ ಮುಂದೆ ಆ ಕಾಲದ ಇಂಥ ಅತಿರೇಕಗಳೆಲ್ಲ ದಾಖಲಾದವು. 1977ರ ನಂತರ ಸರಕಾರ 'ಕುಟುಂಬ ಯೋಜನೆ' ಎಂಬ ಹೆಸರನ್ನೇ ಬದಲಿಸಿ 'ಕುಟುಂಬ ಕಲ್ಯಾಣ' ಮಾಡಬೇಕಾಯಿತು.

ಅಂದಿನಿಂದ ಗಂಡಸರು ಹಿಂದೆ ಸರಿದರು. ಸರಕಾರಿ ಗುರಿಯ ಭಾರವೆಲ್ಲ ಮೆಲ್ಲಗೆ ಹೆಂಗಸರ ಹೆಗಲಿಗೆ ಜಾರಿತು. ಮುಸ್ಲಿಮರ ನೆನಪಿನಲ್ಲಂತೂ ನಸ್‌ಬಂದಿ ಅಂದರೆ ಪೊಲೀಸ್ ಲಾರಿ. ಆ ನೆನಪನ್ನು ಮರೆಯಿರಿ ಅಂತ ಯಾರೂ ಹೇಳಬಾರದು. ಬಲವಂತದ ಆಪರೇಶನ್ ಅಪರಾಧ, ಅಂದೂ ಇಂದೂ. ಆದರೆ ಬಲವಂತಕ್ಕೂ ಸ್ವಂತ ಇಚ್ಛೆಗೂ ಇರುವ ವ್ಯತ್ಯಾಸ ದೊಡ್ಡದು.

ಇಲ್ಲಿ ಇನ್ನೊಂದು ಮಾತು. 'ಅವರ ಮಕ್ಕಳು ಹೆಚ್ಚು' ಎಂದು ನಮ್ಮ ಕಡೆ ಬೆರಳು ತೋರಿಸುವವರಿಗೆ ಉತ್ತರ ಕೊಡಲು ಈ ಬರಹ ಬರೆದದ್ದಲ್ಲ. ಅದಕ್ಕೆ ಲೆಕ್ಕವೇ ಉತ್ತರ. 1992-93ರಲ್ಲಿ ಮುಸ್ಲಿಂ ಮಹಿಳೆಯರ ಸರಾಸರಿ ಹೆರಿಗೆ ಪ್ರಮಾಣ 4.4 ಇತ್ತು, 2019-21ಕ್ಕೆ ಅದು 2.4ಕ್ಕೆ ಇಳಿದಿದೆ. ಯಾರ ಬೆದರಿಕೆಯೂ ಇಲ್ಲದೆ, ಹೆಣ್ಣುಮಕ್ಕಳು ಓದಿದ್ದರಿಂದ, ಮನೆಯವರು ಯೋಚಿಸಿದ್ದರಿಂದ ಇಳಿದದ್ದು. ಆ ಇಳಿಕೆಯ ನೋವನ್ನು ಯಾರ ದೇಹ ಹೊತ್ತಿತು ಅನ್ನೋದು ನಾವು ನಮ್ಮಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ನಿಜಕ್ಕೂ ಅಲ್ಲಿ ಏನು ಮಾಡ್ತಾರೆ?

ಹಳ್ಳಿಯಲ್ಲಿ ಹೋರಿಗೆ ಬೀಜ ಒಡೆಯುವುದನ್ನು ನೋಡಿದವರು ನಸ್‌ಬಂದಿಯನ್ನೂ ಹಾಗೇ ಅಂದುಕೊಂಡಿದ್ದಾರೆ. ಇದು ಅದಲ್ಲ. ಬೀಜ, ಅಂದರೆ ವೃಷಣವನ್ನು, ಈ ಆಪರೇಶನ್‌ನಲ್ಲಿ ಮುಟ್ಟುವುದೇ ಇಲ್ಲ.

ವೃಷಣ ಎರಡು ಕೆಲಸ ಮಾಡುತ್ತದೆ. ಒಂದು, ವೀರ್ಯಾಣುಗಳ ಉತ್ಪತ್ತಿ. ಇನ್ನೊಂದು, ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಉತ್ಪತ್ತಿ. ಗಡ್ಡ ಮೀಸೆ, ದನಿ, ಬಯಕೆ, ಕಸುವು ಎಲ್ಲಕ್ಕೂ ಬೇಕಾದದ್ದು ಈ ಹಾರ್ಮೋನು. ಇದು ನೇರವಾಗಿ ರಕ್ತಕ್ಕೆ ಸೇರುತ್ತದೆ. ವೀರ್ಯಾಣುಗಳು ಮಾತ್ರ ವೀರ್ಯನಾಳ ಎಂಬ ತೆಳು ಕೊಳವೆಯ ಮೂಲಕ ಮೇಲೆ ಹೋಗುತ್ತವೆ. ಎಡಕ್ಕೊಂದು, ಬಲಕ್ಕೊಂದು ನಾಳ. ಚೀಲದ ಚರ್ಮದ ಮೇಲಿಂದ ಬೆರಳಿನಲ್ಲಿ ಒತ್ತಿದರೆ ಗಟ್ಟಿ ದಾರದ ಹಾಗೆ ಸಿಗುತ್ತದೆ. ಆ ಎರಡು ನಾಳಗಳನ್ನು ಕತ್ತರಿಸಿ ತುದಿ ಮುಚ್ಚುವುದೇ ವ್ಯಾಸೆಕ್ಟಮಿ. ಹಾರ್ಮೋನು ಹೋಗುವುದು ರಕ್ತದ ದಾರಿಯಲ್ಲಿ, ಕತ್ತರಿಸಿದ್ದು ಬೇರೆ ದಾರಿಯನ್ನು. ಹಾಗಾಗಿ ಗಂಡಸುತನ ಹೋಗುವ ಮಾತೇ ಇಲ್ಲ.

ವೀರ್ಯ ಬರುತ್ತದಾ? ಬರುತ್ತದೆ. ಯಾಕೆಂದರೆ ವೀರ್ಯದ ಬಹುಪಾಲು ದ್ರವ ಬರುವುದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ. ವೃಷಣದ ಕಡೆಯಿಂದ ಬರುವ ಪಾಲು ತೀರಾ ಸ್ವಲ್ಪ. ಬಣ್ಣ, ಪ್ರಮಾಣ, ಸುಖ ಯಾವುದರಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ವೃಷಣದಲ್ಲಿ ಹುಟ್ಟುವ ವೀರ್ಯಾಣುಗಳನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಒಳಗೆ ತುಂಬಿ ಸಿಡಿಯುತ್ತದೆ ಅನ್ನುವುದೆಲ್ಲ ಕಟ್ಟುಕತೆ.

ಈಗ ಸಾಮಾನ್ಯವಾಗಿ ಮಾಡುವುದು ಎನ್‌ಎಸ್‌ವಿ ಎಂಬ ವಿಧಾನ, ಅಂದರೆ ಕತ್ತಿ ಬಳಸದ ವ್ಯಾಸೆಕ್ಟಮಿ. 1974ರಲ್ಲಿ ಚೀನಾದ ಲಿ ಶುನ್‌ಚಿಯಾಂಗ್ ಎಂಬ ವೈದ್ಯರು ಇದನ್ನು ರೂಪಿಸಿದರು. ತೊಂಬತ್ತರ ದಶಕದಲ್ಲಿ ಭಾರತಕ್ಕೆ ಬಂತು. ಚರ್ಮವನ್ನು ಕೊಯ್ಯುವ ಬದಲು ಚೂಪಾದ ಇಕ್ಕಳದಿಂದ ಒಂದು ಸಣ್ಣ ತೂತು ಮಾಡಿ, ಅದರಲ್ಲೇ ಎರಡೂ ನಾಳಗಳನ್ನು ಒಂದಾದ ಮೇಲೊಂದು ಹೊರಗೆಳೆದು ಕೆಲಸ ಮುಗಿಸುತ್ತಾರೆ. ಹೊಲಿಗೆ ಬೇಡ.

ದೀನ್ ಏನು ಹೇಳುತ್ತದೆ?

ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಆಗಲೇ ಎದ್ದಿರುತ್ತದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಗರ್ಭ ನಿಲ್ಲದಂತೆ ತಾತ್ಕಾಲಿಕವಾಗಿ ನೋಡಿಕೊಳ್ಳುವ ವಿಷಯದಲ್ಲಿ ಹೆಚ್ಚಿನ ವಿದ್ವಾಂಸರಿಗೆ ತಕರಾರಿಲ್ಲ. ಪ್ರವಾದಿಯವರ (ಸ) ಕಾಲದಲ್ಲೇ ಸಹಾಬಿಗಳು ಅಝ್ಲ್ ಮಾಡುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಂ ಹದೀಸ್ ಗ್ರಂಥಗಳಲ್ಲಿ ಜಾಬಿರ್ (ರ) ಅವರ ವರದಿ ಇದೆ. ಇಮಾಂ ಗಝ್ಝಾಲಿಯವರು ಅಝ್ಲ್ ಬಗ್ಗೆ ವಿವರವಾಗಿ ಚರ್ಚಿಸಿ ಅದಕ್ಕೆ ಅವಕಾಶ ಇದೆ ಎಂದಿದ್ದಾರೆ. ಹೆಂಡತಿಯ ಒಪ್ಪಿಗೆ ಬೇಕು ಎಂದ ಫಿಕ್ಹ್ ಪಂಡಿತರು ಹಲವರು.

ಶಾಶ್ವತ ಆಪರೇಶನ್ ವಿಷಯ ಬೇರೆ. 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಗಂಡಿನದಾಗಲಿ ಹೆಣ್ಣಿನದಾಗಲಿ ಸಂತಾನಶಕ್ತಿಯನ್ನು ಇಲ್ಲವಾಗಿಸುವುದು ಸಲ್ಲದು, ಶರೀಅತ್ ಒಪ್ಪುವ ಅನಿವಾರ್ಯತೆ ಇದ್ದರೆ ಮಾತ್ರ ಸರಿ, ತಾತ್ಕಾಲಿಕ ವಿಧಾನಗಳಿಗೆ ದಂಪತಿಗಳ ಒಪ್ಪಿಗೆ ಇದ್ದರೆ ಅಡ್ಡಿಯಿಲ್ಲ ಎಂದು ನಿರ್ಣಯಿಸಿತು. ಭಾರತದ ಹೆಚ್ಚಿನ ಉಲಮಾಗಳ ನಿಲುವೂ ಇದಕ್ಕೆ ಹತ್ತಿರದ್ದೇ. ಬೇರೆ ದಾರಿ ಹಿಡಿದ ದೇಶಗಳೂ ಇವೆ. ಇರಾನ್ 1989ರ ನಂತರ ಗಂಡಸರ ಆಪರೇಶನ್ ಅನ್ನು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಟ್ಟಿತು. ಜನಸಂಖ್ಯೆ ಹೆಚ್ಚಬೇಕು ಎಂಬ ಹೊಸ ನೀತಿ ಬಂದ ಮೇಲೆ, 2021ರ ಕಾನೂನಿನಿಂದ ಅದಕ್ಕೆ ಕಡಿವಾಣ ಹಾಕಿತು. ಇಂಡೋನೇಷ್ಯಾದ ಉಲಮಾ ಮಂಡಳಿ 1979ರಲ್ಲಿ ಹರಾಮ್ ಎಂದಿತ್ತು, 2012ರಲ್ಲಿ ಷರತ್ತುಗಳ ಮೇಲೆ ವಿನಾಯಿತಿಗೆ ಜಾಗ ಕೊಟ್ಟಿತು. ನಾಳವನ್ನು ಮತ್ತೆ ಜೋಡಿಸಲು ಆಗುತ್ತದೆಯೇ ಅನ್ನುವುದು ಅಲ್ಲಿ ಚರ್ಚೆಯ ಮುಖ್ಯ ಅಂಶ.

ನೀವು ನಂಬುವ ಆಲಿಮರ ಹತ್ತಿರ ಕೇಳಿ. ಆದರೆ ಪ್ರಶ್ನೆಯನ್ನು ಪೂರ್ತಿ ಕೇಳಿ. 'ಗಂಡಸಿಗೆ ನಸ್‌ಬಂದಿ ಜಾಯಿಝಾ?' ಅಂತ ಕೇಳಿ, ಇಲ್ಲ ಎಂಬ ಉತ್ತರ ತಂದು, ಮರುದಿನ ಮೂರನೇ ಸಿಸೇರಿಯನ್ ಜೊತೆಗೇ ಹೆಂಡತಿಯ ಆಪರೇಶನ್‌ಗೆ ಸಹಿ ಹಾಕಿ ಬರುವವರನ್ನು ನೀವೂ ಕಂಡಿರುತ್ತೀರಿ. 1988ರ ನಿರ್ಣಯದಲ್ಲಿ ಗಂಡು, ಹೆಣ್ಣು ಇಬ್ಬರ ಹೆಸರೂ ಇದೆ. ಇವನಿಗೆ ಸಲ್ಲದ್ದು ಅವಳಿಗೆ ಅಷ್ಟು ಸುಲಭವಾಗಿ ಹೇಗೆ ಸಲ್ಲುತ್ತದೆ? ಇನ್ನೊಂದು ಹೆರಿಗೆ ಹೆಂಡತಿಯ ಜೀವಕ್ಕೆ ಕುತ್ತು ಎಂದು ಡಾಕ್ಟರ್ ಹೇಳಿದ್ದರೆ, ಅವಳ ಹೊಟ್ಟೆಗೆ ಮತ್ತೆ ಕತ್ತಿ ಹಾಕಿಸುವ ಬದಲು ನಾನು ಮಾಡಿಸಿಕೊಳ್ಳಬಹುದಾ ಅಂತ ಕೇಳಿ. ಡಾಕ್ಟರ್ ಚೀಟಿ ತೋರಿಸಿ ಕೇಳಿ. ಆಗ ಸಿಗುವ ಉತ್ತರ ನಿಮ್ಮ ಮನೆಯ ಪರಿಸ್ಥಿತಿಗೆ ಸಿಕ್ಕ ಉತ್ತರ.

ಹೋಗುವ ಮುಂಚೆ

ಮೊದಲನೆಯದಾಗಿ, ಇದನ್ನು ಶಾಶ್ವತ ಅಂತಲೇ ತಿಳಿಯಿರಿ. ನಾಳ ಮರುಜೋಡಣೆ ಸಾಧ್ಯ, ಆದರೆ ಅದು ದೊಡ್ಡ ಆಪರೇಶನ್, ಖರ್ಚಿನದ್ದು, ಮಕ್ಕಳಾಗುವ ಖಾತರಿಯೂ ಇಲ್ಲ. ವರ್ಷಗಳು ಕಳೆದಷ್ಟೂ ಸಾಧ್ಯತೆ ಕಡಿಮೆಯಾಗುತ್ತದೆ. ಮನೆಯಲ್ಲಿ ಜಗಳ ಆದಾಗ, ಮಗುವಿಗೆ ಕಾಯಿಲೆ ಇದ್ದಾಗ, ಸಾಲದ ಒತ್ತಡದಲ್ಲಿದ್ದಾಗ ಈ ತೀರ್ಮಾನ ಬೇಡ. ಸಣ್ಣ ವಯಸ್ಸಿನಲ್ಲಿ ಮಾಡಿಸಿಕೊಂಡವರೇ ಮುಂದೆ ಹೆಚ್ಚು ಪಶ್ಚಾತ್ತಾಪ ಪಡುವುದು. ಇನ್ನೂ ಗೊಂದಲ ಇದ್ದರೆ ಕಾಂಡೋಮ್, ಕಾಪರ್-ಟಿ, ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ಇವೆ. ಸರಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ.

ಸರಕಾರದ ಮಾನದಂಡ ಹೀಗಿದೆ: ಮದುವೆ ಆಗಿರಬೇಕು, ವಯಸ್ಸು 60ರ ಒಳಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಗಂಡ ಹೆಂಡತಿ ಇಬ್ಬರಲ್ಲಿ ಯಾರಿಗೂ ಮೊದಲೇ ಈ ಆಪರೇಶನ್ ಆಗಿರಬಾರದು. ಕಾಗದದ ಮೇಲೆ ಹೆಂಡತಿಯ ಸಹಿ ಬೇಕಿಲ್ಲ. ಹಾಗಂತ ಅವಳಿಗೆ ಹೇಳದೆ ಹೋಗಬೇಡಿ. 2007ರ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯಕೀಯ ಕಾರಣ ಇಲ್ಲದೆ, ಸಂಗಾತಿಗೆ ತಿಳಿಸದೆ ಸಂತಾನಹರಣ ಮಾಡಿಸಿಕೊಳ್ಳುವುದು ಮಾನಸಿಕ ಕ್ರೌರ್ಯ ಆಗಬಹುದು ಎಂದಿದೆ. ಅಝ್ಲ್‌ಗೇ ಹೆಂಡತಿಯ ಒಪ್ಪಿಗೆ ಕೇಳಿದ ಪರಂಪರೆ ನಮ್ಮದು. ಇದಕ್ಕೆ ಕೇಳದಿದ್ದರೆ ಹೇಗೆ?

ಡಾಕ್ಟರ್ ನಿಮ್ಮನ್ನು ಪರೀಕ್ಷೆ ಮಾಡುತ್ತಾರೆ. ರಕ್ತದ ಹಿಮೋಗ್ಲೋಬಿನ್, ಮೂತ್ರದಲ್ಲಿ ಸಕ್ಕರೆ ನೋಡುತ್ತಾರೆ. ಇವನ್ನು ಮುಚ್ಚಿಡದೆ ಹೇಳಿ: ಶುಗರ್ ಇದೆಯಾ, ಗಾಯ ಆದರೆ ರಕ್ತ ಬೇಗ ನಿಲ್ಲುವುದಿಲ್ಲವಾ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೀರಾ, ಯಾವುದಾದರೂ ಔಷಧಿಗೆ ಅಲರ್ಜಿ ಇದೆಯಾ, ಹಿಂದೆ ಹರ್ನಿಯಾ ಆಪರೇಶನ್ ಆಗಿದೆಯಾ. ಚೀಲದಲ್ಲಿ ನೀರು ತುಂಬಿ ಊದಿದ್ದರೆ, ಆ ಜಾಗದಲ್ಲಿ ಹುಣ್ಣು ಕಜ್ಜಿ ಇದ್ದರೆ, ಆನೆಕಾಲು ರೋಗದ ಬಾವು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಆನೆಕಾಲು ಬೀದರ್, ಕಲಬುರಗಿ ಕಡೆಯವರಿಗೆ ಅಪರಿಚಿತ ರೋಗವಲ್ಲ, ಹಾಗಾಗಿ ನೆನಪಿಸುತ್ತಿದ್ದೇನೆ. ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಂತೆ ಮಾಡಿ.

ಹಿಂದಿನ ದಿನ ಆ ಜಾಗದ ಕೂದಲು ಕತ್ತರಿಸಿಕೊಳ್ಳಿ. ಆ ದಿನ ಬೆಳಿಗ್ಗೆ ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಳ್ಳಿ. ಬಿಗಿಯಾದ ಒಳಚಡ್ಡಿ ಅಥವಾ ಲಂಗೋಟಿ ಒಯ್ಯಿರಿ. ಲಘುವಾಗಿ ತಿಂದು ಹೋದರೆ ತೊಂದರೆಯಿಲ್ಲ, ಬರಿ ಹೊಟ್ಟೆಯಲ್ಲಿ ಹೋದವರಿಗೇ ತಲೆ ಸುತ್ತುವುದು ಹೆಚ್ಚು. ಇದೇ ಕಾರಣಕ್ಕೆ ರಮಝಾನ್ ತಿಂಗಳು ಬೇಡ. ತಿನ್ನುವುದು, ಮಾತ್ರೆ ನುಂಗುವುದು ಎರಡೂ ಇರುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ವಾಪಸ್ ಬರುವಾಗ ಬೈಕ್ ಓಡಿಸೋ ಹಾಗಿಲ್ಲ. ಆಟೋ ಹಿಡಿಯಿರಿ.

ಆ ಅರ್ಧ ಗಂಟೆ

ಟೇಬಲ್ ಮೇಲೆ ಅಂಗಾತ ಮಲಗಿಸಿ, ಔಷಧಿಯಿಂದ ಒರೆಸಿ, ಸ್ಟೆರೈಲ್ ಬಟ್ಟೆ ಹೊದಿಸುತ್ತಾರೆ. ಪ್ರಜ್ಞೆ ತಪ್ಪಿಸುವುದಿಲ್ಲ. ಆ ಜಾಗಕ್ಕೆ ಮಾತ್ರ ಲಿಗ್ನೊಕೇನ್ ಇಂಜೆಕ್ಷನ್. ಸೂಜಿ ಚುಚ್ಚುವಾಗ ಉರಿ ಇರುತ್ತದೆ, ಕೆಲವು ಸೆಕೆಂಡುಗಳಲ್ಲಿ ಮರಗಟ್ಟುತ್ತದೆ. ಆಮೇಲೆ ನೋವಿರುವುದಿಲ್ಲ. ನಾಳವನ್ನು ಹೊರಗೆ ಎಳೆಯುವಾಗ ಕಿಬ್ಬೊಟ್ಟೆಯಲ್ಲಿ ಏನೋ ಜಗ್ಗಿದ ಹಾಗೆ ಆಗುತ್ತದೆ. ಹೆದರಬೇಡಿ. ಅದು ಚುರುಕ್ ಎನ್ನುವ ನೋವಾದರೆ ಬಾಯಿಬಿಟ್ಟು ಹೇಳಿ, ಇನ್ನಷ್ಟು ಇಂಜೆಕ್ಷನ್ ಕೊಡುತ್ತಾರೆ. ಡಾಕ್ಟರ್ ಜೊತೆ ಮಾತಾಡುತ್ತಾ ಇರುವಾಗಲೇ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಣ್ಣ ಪಟ್ಟಿ ಹಾಕಿ, ಅರ್ಧ ಗಂಟೆ ಕೂರಿಸಿ, ರಕ್ತ ಬರುತ್ತಿಲ್ಲ ಎಂದು ನೋಡಿ ಮನೆಗೆ ಕಳಿಸುತ್ತಾರೆ.

ಮನೆಗೆ ಬಂದ ಮೇಲೆ

ಎರಡು ದಿನ ವಿಶ್ರಾಂತಿ. ಇದನ್ನು ಹಗುರವಾಗಿ ತೆಗೆದುಕೊಂಡವರೇ ಒದ್ದಾಡುವುದು. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಆಗಾಗ ಹತ್ತು ಹದಿನೈದು ನಿಮಿಷ ಇಟ್ಟರೆ ಬಾವು ಕಡಿಮೆ. ಬಿಗಿ ಒಳಚಡ್ಡಿ ಹಗಲೂ ರಾತ್ರಿಯೂ ಇರಲಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ಬೇಡ, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಸ್ವಲ್ಪ ಬಾವು, ಚರ್ಮ ನೀಲಿಗಟ್ಟುವುದು, ಎಳೆದಂಥ ನೋವು ಸಹಜ. ಕೆಲವು ದಿನಗಳಲ್ಲಿ ಇಳಿಯುತ್ತದೆ.

ಒಂದು ದಿನ ಆ ಜಾಗಕ್ಕೆ ನೀರು ತಾಗಿಸಬೇಡಿ. ವುಝೂಗೆ ಇದರಿಂದ ಅಡ್ಡಿಯಿಲ್ಲ. ಇಸ್ತಿಂಜಾ ಮಾಡುವಾಗ ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಿ. ಅಷ್ಟರಲ್ಲಿ ಗುಸ್ಲ್ ಕಡ್ಡಾಯವಾದರೆ ಗಾಯಾಳುವಿಗೆ ದೀನಿನಲ್ಲಿ ರಿಯಾಯಿತಿ ಇದೆ, ಇಮಾಮರನ್ನು ಕೇಳಿಕೊಳ್ಳಿ. ಬಗ್ಗಲು ನೋವಾದರೆ ಕುಳಿತು ನಮಾಝ್ ಮಾಡಬಹುದು.

ಕುಳಿತು ಮಾಡುವ ಕೆಲಸದವರು ಎರಡು ಮೂರು ದಿನದಲ್ಲಿ ಕೆಲಸಕ್ಕೆ ಹೋಗಬಹುದು. ಬೇಗಂ ಬಝಾರಿನಲ್ಲಿ ಮೂಟೆ ಹೊರುವವರು, ಇಡೀ ದಿನ ಬೈಕಿನಲ್ಲಿ ಡೆಲಿವರಿ ಮಾಡುವವರು ಒಂದು ವಾರವಾದರೂ ಬಿಡಬೇಕು. ದಿನಗೂಲಿಯವರಿಗೆ ಒಂದು ವಾರ ಅಂದರೆ ಸುಲಭವಲ್ಲ, ಗೊತ್ತು. ಆ ಲೆಕ್ಕವನ್ನು ಮೊದಲೇ ಹಾಕಿಕೊಂಡು ದಿನ ಗೊತ್ತು ಮಾಡಿ. ಸರಕಾರ ಆಪರೇಶನ್ ಮಾಡಿಸಿಕೊಂಡವರಿಗೆ ಕೂಲಿ ನಷ್ಟಕ್ಕೆಂದು ಪರಿಹಾರ ಹಣ ಕೊಡುತ್ತದೆ, ಗಂಡಸರಿಗೆ ಹೆಂಗಸರಿಗಿಂತ ಹೆಚ್ಚೇ ಇದೆ. ಕೇಳಿ ಪಡೆಯಿರಿ. ಸರಕಾರಿ ನೌಕರರಿಗೆ ವಿಶೇಷ ರಜೆಯೂ ಉಂಟು.

ಈ ಲಕ್ಷಣ ಕಂಡರೆ ಮಾತ್ರ ಕಾಯಬೇಡಿ: ಜ್ವರ, ದಿನೇ ದಿನೇ ದೊಡ್ಡದಾಗುವ ಬಾವು, ನಿಲ್ಲದ ರಕ್ತ, ಕೀವು, ಹೆಚ್ಚುತ್ತಲೇ ಹೋಗುವ ನೋವು. ಮೆಡಿಕಲ್ ಶಾಪಿನವನನ್ನು ಕೇಳಿ ಮಾತ್ರೆ ನುಂಗಬೇಡಿ, ಆಪರೇಶನ್ ಮಾಡಿದ ಆಸ್ಪತ್ರೆಗೇ ಹೋಗಿ. ಸೋಂಕು, ರಕ್ತ ಹೆಪ್ಪುಗಟ್ಟುವುದು ನೂರರಲ್ಲಿ ಒಬ್ಬಿಬ್ಬರಿಗೆ ಆಗುತ್ತದೆ. ಇನ್ನು ನೂರರಲ್ಲಿ ಒಬ್ಬಿಬ್ಬರಿಗೆ ತಿಂಗಳುಗಟ್ಟಲೆ ಉಳಿಯುವ ನೋವು ಬಂದು ಬೇರೆ ಚಿಕಿತ್ಸೆ ಬೇಕಾಗಬಹುದು. ಇದನ್ನೂ ಮೊದಲೇ ತಿಳಿದಿರಬೇಕು. 'ಏನೂ ಆಗಲ್ಲ' ಅಂತ ಹೇಳಿ ಕಳಿಸುವವರು ನಿಮ್ಮ ಹಿತೈಷಿಗಳಲ್ಲ.

ಮರೆಯಬಾರದ ಮೂರು ತಿಂಗಳು

ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಆಪರೇಶನ್ ಆದ ದಿನದಿಂದಲೇ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳಬೇಡಿ. ಕತ್ತರಿಸಿದ ಜಾಗದಿಂದ ಮೇಲೆ, ನಾಳದಲ್ಲಿ ಮೊದಲೇ ಸೇರಿದ್ದ ವೀರ್ಯಾಣುಗಳು ಇನ್ನೂ ಇರುತ್ತವೆ. ಅವು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ನೋವು ಇಲ್ಲವೆಂದಾದರೆ ಎರಡು ಮೂರು ದಿನಗಳ ನಂತರ ದಾಂಪತ್ಯಕ್ಕೆ ಅಡ್ಡಿಯಿಲ್ಲ, ಆದರೆ ಮೂರು ತಿಂಗಳು ಕಾಂಡೋಮ್ ಅಥವಾ ಬೇರೆ ವಿಧಾನ ಬಳಸಲೇಬೇಕು.

ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ವೀರ್ಯಾಣು ಇಲ್ಲ ಎಂದು ಬಂದ ಮೇಲೆಯೇ ಸರಕಾರಿ ಸರ್ಟಿಫಿಕೇಟ್. ಇನ್ನೂ ಕಂಡುಬಂದರೆ ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಆರು ತಿಂಗಳಾದರೂ ಇದ್ದರೆ ಆಪರೇಶನ್ ಫಲಿಸಿಲ್ಲ ಎಂದರ್ಥ. ಮಾದರಿ ಕೊಡಲು ನಾಚಿಕೆಯಿಂದ ಎಷ್ಟೋ ಮಂದಿ ಈ ಪರೀಕ್ಷೆಗೆ ಹೋಗುವುದೇ ಇಲ್ಲ. ಲ್ಯಾಬಿನಲ್ಲೇ ಕೊಡಬೇಕೆಂದಿಲ್ಲ. ಮನೆಯಲ್ಲಿ ಹೆಂಡತಿಯ ಜೊತೆಯಲ್ಲಿ, ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಸಂಗ್ರಹಿಸಿ ಒಂದು ಗಂಟೆಯೊಳಗೆ ಮುಟ್ಟಿಸಿದರೆ ಸಾಕು. ಮಾಮೂಲಿ ಕಾಂಡೋಮಿನಲ್ಲಿ ಮಾತ್ರ ತರಬೇಡಿ, ಅದರಲ್ಲಿರುವ ರಾಸಾಯನಿಕದಿಂದ ಪರೀಕ್ಷೆ ಕೆಡುತ್ತದೆ.

ಈ ಪರೀಕ್ಷೆ ಯಾಕೆ ಮುಖ್ಯ ಗೊತ್ತಾ? ಪರೀಕ್ಷೆಗೆ ಹೋಗದ ಗಂಡ, ನಾಲ್ಕು ತಿಂಗಳಲ್ಲಿ ಗರ್ಭ ನಿಂತ ಹೆಂಡತಿ. ಮುಂದಿನ ಅನುಮಾನ ಯಾರ ಮೇಲೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ. ಮನೆಗಳು ಒಡೆಯಲು ಅಷ್ಟು ಸಾಕು. ಪರೀಕ್ಷೆಯಲ್ಲಿ ಪಾಸಾದ ಮೇಲೂ ಸುಮಾರು ಎರಡು ಸಾವಿರಕ್ಕೆ ಒಂದರಂತೆ ನಾಳ ತಾನಾಗಿಯೇ ಕೂಡಿಕೊಂಡು ಗರ್ಭ ನಿಲ್ಲುವುದುಂಟು. ಹಾಗಾದರೆ ಮೊದಲು ನಿಮ್ಮ ವೀರ್ಯ ಪರೀಕ್ಷೆ ಮಾಡಿಸಿ, ಹೆಂಡತಿಯನ್ನು ಪ್ರಶ್ನೆ ಮಾಡಬೇಡಿ. ತಪ್ಪು ಹೊರಿಸುವುದು ನಮ್ಮ ದೀನಿನಲ್ಲಿ ಎಷ್ಟು ದೊಡ್ಡ ಪಾಪ ಎಂದು ನಿಮಗೇ ಗೊತ್ತು. ಮತ್ತೊಂದು ಮಾತು, ಈ ಆಪರೇಶನ್‌ನಿಂದ ಎಚ್‌ಐವಿ ಮುಂತಾದ ಲೈಂಗಿಕ ರೋಗಗಳಿಗೆ ತಡೆ ಇಲ್ಲ.

ನಿಮ್ಮ ಹಕ್ಕು

2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಬ್ಬರೇ ಸರ್ಜನ್ ಒಂದು ದಿನದಲ್ಲಿ 83 ಹೆಂಗಸರಿಗೆ ಆಪರೇಶನ್ ಮಾಡಿದರು. ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. 2016ರ ಸೆಪ್ಟೆಂಬರ್ 14ರಂದು ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕು ಎಂದಿತು. ಆಪರೇಶನ್‌ನ ಪರಿಣಾಮಗಳನ್ನು ಜನರ ಭಾಷೆಯಲ್ಲಿ ವಿವರಿಸಬೇಕು, ಆಮೇಲೂ ಯೋಚನೆ ಮಾಡಲು ಸುಮಾರು ಒಂದು ಗಂಟೆ ಬಿಡುವು ಕೊಡಬೇಕು ಎಂದೂ ಹೇಳಿತು. ಇಬ್ರಾಹಿಂಪಟ್ನಂ ಆದದ್ದು ಆ ತೀರ್ಪಿನ ಆರು ವರ್ಷಗಳ ನಂತರ.

ಹಾಗಾಗಿ ಹೇಳುತ್ತೇನೆ, ಸಾಲಿನಲ್ಲಿ ನಿಲ್ಲಿಸಿ ಮಾಡುವ ಕಡೆ ಹೋಗಬೇಡಿ. ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಂಡು ಹೋಗಿ. ಎನ್‌ಎಸ್‌ವಿ ತರಬೇತಿ ಪಡೆದ ಡಾಕ್ಟರ್ ಇದ್ದಾರಾ, ಒಬ್ಬೊಬ್ಬರಿಗೂ ಬೇರೆ ಸ್ಟೆರೈಲ್ ಸಲಕರಣೆ ಬಳಸುತ್ತಾರಾ ಎಂದು ಕೇಳಿ. ಕೇಳುವುದು ಅಹಂಕಾರ ಅಲ್ಲ. ಹೈದರಾಬಾದಿನ ಸರಕಾರಿ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರ ತೆಲುಗಿನಲ್ಲಿ ಇದ್ದರೆ, ರಾಯಚೂರಿನಿಂದಲೋ ಬೀದರಿನಿಂದಲೋ ದುಡಿಯಲು ಬಂದ ನಿಮಗೆ ಓದಲು ಬರಲಿಕ್ಕಿಲ್ಲ. ಓದಿಸಿ ಕೇಳಿಕೊಳ್ಳದೆ ಸಹಿ ಹಾಕಬೇಡಿ. ಟೇಬಲ್ ಮೇಲೆ ಮಲಗಿದ ಮೇಲೂ ಬೇಡ ಎಂದು ಎದ್ದು ಬರುವ ಹಕ್ಕು ನಿಮಗಿದೆ. ಅದಕ್ಕಾಗಿ ರೇಶನ್ನು, ಬೇರೆ ಚಿಕಿತ್ಸೆ ಏನನ್ನೂ ಯಾರೂ ತಡೆಯುವ ಹಾಗಿಲ್ಲ. ಆಪರೇಶನ್ ವಿಫಲವಾದರೆ, ತೊಂದರೆಯಾದರೆ ಸರಕಾರದ ಪರಿಹಾರ ಯೋಜನೆ ಇದೆ. ಡಿಸ್ಚಾರ್ಜ್ ಚೀಟಿ, ಒಪ್ಪಿಗೆ ಪತ್ರದ ಪ್ರತಿ, ಪರೀಕ್ಷಾ ವರದಿ ಜೋಪಾನವಾಗಿ ಇಟ್ಟುಕೊಂಡು ತಡಮಾಡದೆ ಅರ್ಜಿ ಹಾಕಿ.

ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮಗೆ ಇದು ಇವತ್ತಿನ ವಿಷಯವಲ್ಲ. ಆದರೆ ನಿಮ್ಮ ಅಮ್ಮನಿಗೋ ಚಿಕ್ಕಮ್ಮನಿಗೋ ಆಪರೇಶನ್ ಆದ ದಿನ ನೆನಪಿರಬಹುದು. ಅವರು ಎಷ್ಟು ದಿನ ಬಗ್ಗಲಾರದೆ ಓಡಾಡಿದರು, ಆಗ ರೊಟ್ಟಿ ಯಾರು ಸುಟ್ಟರು, ನೀರು ಯಾರು ಹೊತ್ತರು ಎಂದು ಒಮ್ಮೆ ಕೇಳಿ ನೋಡಿ. ಮುಂದೆ ನಿಮ್ಮ ಮನೆಯಲ್ಲಿ ಈ ಮಾತು ಬಂದಾಗ, 'ನೀನು ಮಾಡಿಸ್ಕೋ' ಎನ್ನುವ ಮೊದಲು 'ನಾನು ಮಾಡಿಸಿಕೊಳ್ಳಬಹುದಾ?' ಎಂದು ಕೇಳಿಕೊಳ್ಳುವ ಗಂಡಸರು ನೀವಾಗಿ. ಉತ್ತರ ಹೌದಾಗಲಿ, ಅಲ್ಲವಾಗಲಿ, ಮಾತುಕತೆಯಲ್ಲಿ ಇಬ್ಬರೂ ಇರಲಿ.